ಗ್ರೌಂಡಿನ ಚಾವಿ ಯಾರ ಹತ್ತಿರ ಇದೆ?

ಮಾನ್ಯ ಸಂಪಾದಕರೇ,

ಹೋದ ಸೋಮವಾರ ನಿಮ್ಮ ಜಿಲ್ಲಾ ಪುಟದಲ್ಲಿ ಎರಡು ಸುದ್ದಿ ಅಕ್ಕಪಕ್ಕ ಬಂದಿದ್ದವು. ಒಂದು, ಪಂಚಾಯ್ತಿಯೊಂದರಲ್ಲಿ ನಡೆದ ಆರೋಗ್ಯ ತಪಾಸಣಾ ಶಿಬಿರ. ಬಂದವರಲ್ಲಿ ಬಹಳ ಜನರಿಗೆ ಬಿಪಿ, ಶುಗರ್ ಇರುವುದು ಗೊತ್ತಾಯಿತು, ದಿನಾ ವಾಕಿಂಗ್ ಮಾಡಿ ಎಂದು ವೈದ್ಯರು ಹೇಳಿ ಕಳಿಸಿದರು ಅಂತ. ಇನ್ನೊಂದು, ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ. ಗೆದ್ದ ಹುಡುಗರು, ಅವರಷ್ಟೇ ಎತ್ತರದ ಕಪ್, ಹಾರ ಹಾಕಿಕೊಂಡ ಅತಿಥಿಗಳು. ಪೇಪರಿನಲ್ಲಿ ಈ ಎರಡರ ನಡುವೆ ಅರ್ಧ ಇಂಚು ಜಾಗ ಇತ್ತು. ನಮ್ಮೂರಲ್ಲಿ ಆ ಎರಡರ ನಡುವೆ ಶಾಲೆ ಗ್ರೌಂಡಿನ ಗೇಟು ಇದೆ, ಅದಕ್ಕೊಂದು ಬೀಗ. ಅದರ ಬಗ್ಗೆ ಬರೆಯೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆದೀತು, ಜಾಗ ಮಾಡಿಕೊಡಿ.

ನಾನು ನಿವೃತ್ತ ಬಸ್ ಕಂಡಕ್ಟರ್. 31 ವರ್ಷ ಸರ್ವಿಸ್. ಅದರಲ್ಲಿ ಹನ್ನೊಂದು ವರ್ಷ ಕಾರವಾರ–ಶಿರಸಿ ರೂಟಿನಲ್ಲಿ ಒಬ್ಬರೇ ಡ್ರೈವರ್ ಜೊತೆ ಡ್ಯೂಟಿ ಮಾಡಿದೆ. ಅಂಕೋಲಾ, ಕುಮಟಾ, ಕತಗಾಲ, ಆಮೇಲೆ ದೇವಿಮನೆ ಘಾಟಿ. ಹೋಗುವಾಗ ಅವರು, ಬರುವಾಗಲೂ ಅವರೇ. ಅವರು ಸೀಟಿನಲ್ಲಿ ಕೂತರೆ ಕುಮಟಾ ಸ್ಟ್ಯಾಂಡಿನಲ್ಲಿ ಚಾ ಕುಡಿಯಲು ಇಳಿಯುತ್ತಿದ್ದರು, ಅಷ್ಟೇ. ನನಗೆ ಕೂರುವ ಯೋಗ ಇರಲಿಲ್ಲ. ಆಗ ಮಷೀನ್ ಇಲ್ಲ, ಟಿಕೆಟ್ ಟ್ರೇ. ಹಿಂದಿನಿಂದ ಮುಂದೆ, ಮುಂದಿನಿಂದ ಹಿಂದೆ. ಅದರ ಮೇಲೆ ಬಸ್ಸಿನ ಟಾಪು. ಶಿರಸಿಯಿಂದ ಇಳಿಯುವಾಗ ಅಡಿಕೆ ಮೂಟೆ, ಬಾಳೆಗೊನೆ, ಮೇ ತಿಂಗಳಾದರೆ ಹಲಸಿನಹಣ್ಣು. ಹಿಂದಿನ ಏಣಿ ಹತ್ತಿ ಇಳಿಸಿಕೊಡುವುದು ನನ್ನ ಕೆಲಸ. ಹಮಾಲರು ದೊಡ್ಡ ಸ್ಟ್ಯಾಂಡುಗಳಲ್ಲಿ ಮಾತ್ರ ಸಿಗುತ್ತಿದ್ದರು. ಘಾಟಿಯ ನಡುವಿನ ಸ್ಟಾಪಿನಲ್ಲಿ ಹಲಸಿನಹಣ್ಣು ಇಳಿಸುವವರು ಯಾರು? ಕಂಡಕ್ಟರ್ರೇ.

ಒಂದು ಮಳೆಗಾಲದ ಬೆಳಿಗ್ಗೆ ಘಾಟಿ ಹತ್ತಿ, ದೇವಿಮನೆ ದೇವಸ್ಥಾನದ ಹತ್ತಿರ ಡ್ರೈವರ್ ಬಸ್ಸನ್ನು ಎಡಕ್ಕೆ ತಂದು ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದರು. ‘ಕಂಡಕ್ಟರ್ರೇ, ಎದೆ ಮೇಲೆ ಯಾರೋ ಕೂತ ಹಾಗೆ ಆಗ್ತಿದೆ’ ಅಂದರು. ಅಷ್ಟು ಬೆವರನ್ನು ನಾನು ಯಾರ ಮುಖದ ಮೇಲೂ ಕಂಡಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ, ಚಳಿ. ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಕೈ ನಡುಗಿ ಕಲ್ಲು ಕಾಲ ಮೇಲೆ ಬಿತ್ತು, ಆ ಗುರುತು ಇನ್ನೂ ಇದೆ. ಹಿಂದೆ ಬರುತ್ತಿದ್ದ ಟೆಂಪೊದಲ್ಲಿ ಅವರನ್ನು ಶಿರಸಿಗೆ ಸಾಗಿಸಿದೆವು, ಅಲ್ಲಿಂದ ಹುಬ್ಬಳ್ಳಿಗೆ. ಬದುಕಿದರು. ಆಗ ಅವರಿಗೆ 52, ನನಗೆ 49. ಅವರು ಬೀಡಿ ಸೇದುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಗುರುವಾರ ಮೀನು ಸಹ ಮುಟ್ಟುತ್ತಿರಲಿಲ್ಲ. ‘ಇಂಥವರಿಗೆ ಯಾಕೆ?’ ಅಂತ ಡಿಪೋದಲ್ಲಿ ಎಲ್ಲರೂ ಕೇಳಿದರು. ಗ್ರಹಚಾರ ಅಂದುಕೊಂಡು ಸುಮ್ಮನಾದೆವು.

ಗ್ರಹಚಾರ ಅಲ್ಲ ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ. ನನ್ನ ಮಗಳು ಎಂಪಿಎಚ್ ಓದುತ್ತಿದ್ದಾಳೆ. ಎಂಪಿಎಚ್ ಅಂದ ಕೂಡಲೇ ನನಗೆ ಹಳೇ ಬಸ್ಸಿನ ಮೈಲಿ ಲೆಕ್ಕದ ಸ್ಪೀಡ್ ಮೀಟರ್ ನೆನಪಾಯಿತು. ಅದು ಸಾರ್ವಜನಿಕ ಆರೋಗ್ಯದ ಓದಂತೆ. ದೀಪಾವಳಿಗೆ ಬಂದವಳು, ‘ಅಪ್ಪಾ, ನಮ್ಮ ಪಾಠದಲ್ಲಿ ನೀವು ಬಂದಿದ್ದೀರಿ’ ಅಂದಳು. ತಮಾಷೆ ಅಂದುಕೊಂಡೆ. ಅಲ್ಲ, ನಿಜವಾಗಿಯೂ ಕಂಡಕ್ಟರ್ ಪಾಠ.

ಲಂಡನ್ನಿನಲ್ಲಿ ಜೆರಿ ಮಾರಿಸ್ ಅಂತ ಒಬ್ಬ ಡಾಕ್ಟರ್ ಇದ್ದರು. 1910ರಲ್ಲಿ ಹುಟ್ಟಿದವರು. ಬೆಳೆದದ್ದು ಗ್ಲಾಸ್ಗೊದಲ್ಲಿ, ಬಡತನದಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯದ ಡಾಕ್ಟರಾಗಿ ನಮ್ಮ ದೇಶದಲ್ಲೂ ಇದ್ದರು. ಯುದ್ಧ ಮುಗಿದ ಮೇಲೆ ಅಲ್ಲಿ ಹಾರ್ಟ್ ಅಟ್ಯಾಕ್ ಜಾಸ್ತಿಯಾಗುತ್ತಿತ್ತು, ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಲಸಕ್ಕೂ ಹೃದಯಕ್ಕೂ ಏನಾದರೂ ಸಂಬಂಧ ಇದೆಯಾ ನೋಡೋಣ ಅಂತ ಮಾರಿಸ್ ಹಿಡಿದದ್ದು ಯಾರನ್ನು ಗೊತ್ತೇ? ಲಂಡನ್ ಸಾರಿಗೆಯ ಡ್ರೈವರು, ಕಂಡಕ್ಟರುಗಳನ್ನು. ಸುಮಾರು 31 ಸಾವಿರ ಜನ, 35ರಿಂದ 64 ವಯಸ್ಸಿನವರು. ಒಂದೇ ಕಂಪನಿ, ಒಂದೇ ಬಸ್ಸು. ಒಬ್ಬ ಇಡೀ ಪಾಳಿ ಕೂತೇ ಇರುತ್ತಾನೆ. ಇನ್ನೊಬ್ಬ ಡಬಲ್ ಡೆಕ್ಕರಿನ ಮೆಟ್ಟಿಲು ಹತ್ತಿ ಇಳಿಯುತ್ತಾನೆ, ದಿನಕ್ಕೆ 500ರಿಂದ 750 ಮೆಟ್ಟಿಲು. 1953ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಲೆಕ್ಕ ಬಂತು. ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ. ಬಂದರೂ ತಡವಾಗಿ ಬರುತ್ತದೆ. ಮೊದಲ ಏಟಿಗೇ ಹೋಗಿಬಿಡುವವರು ಡ್ರೈವರುಗಳಲ್ಲೇ ಜಾಸ್ತಿ.

ಓದಿ ಹೇಳಿದಾಗ ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಮ್ಮ ಬಸ್ಸಿಗೆ ಮೇಲಂತಸ್ತು ಇರಲಿಲ್ಲ. ಟಾಪು ಇತ್ತು, ಏಣಿ ಇತ್ತು.

ಇನ್ನೂ ಒಂದು ಇದೆ, ಅದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಮಾರಿಸ್ ಆಮೇಲೆ ಇವರ ಸಮವಸ್ತ್ರದ ಅಳತೆ ಪುಸ್ತಕ ತರಿಸಿಕೊಂಡರಂತೆ. ಪ್ಯಾಂಟಿನ ಸೊಂಟದ ಅಳತೆ! ಯಾವ ವಯಸ್ಸಿಗೆ ನೋಡಿದರೂ ಡ್ರೈವರುಗಳ ಪ್ಯಾಂಟೇ ದೊಡ್ಡದು. 1956ರಲ್ಲಿ ಅದನ್ನೂ ಪ್ರಕಟಿಸಿದರು. ನನಗೆ ತಕ್ಷಣ ಅಂಕೋಲೆಯ ನಮ್ಮ ಟೇಲರ್ ನೆನಪಾದರು. ಖಾಕಿ ಬಟ್ಟೆ ಕೊಟ್ಟಾಗೆಲ್ಲ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಟೇಪು ಹಿಡಿದು ಅವರು ಸಹಾಯಕನಿಗೆ ಕೂಗಿ ಹೇಳುತ್ತಿದ್ದರು: ಕಂಡಕ್ಟರ್ 32, ಹಳೇದೇ. ಡ್ರೈವರ್ 36. ಮುಂದಿನ ಸಲ 38. ‘ನಿಮಗೆ ಬಟ್ಟೆ ಸಾಲೋದಿಲ್ಲ ಮಾರಾಯ್ರೇ, ಕಂಡಕ್ಟರದ್ದು ಸ್ವಲ್ಪ ಉಳೀತದೆ, ಜೋಡಿಸ್ಲಾ?’ ಅಂತ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಆ ಪುಸ್ತಕ ಲಂಡನ್ನಿನ ಡಾಕ್ಟರ ಕೈಗೆ ಸಿಕ್ಕಿದ್ದರೆ ಅವರು ನಗುತ್ತಿರಲಿಲ್ಲ.

ಆದರೆ ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ದಪ್ಪ ಇದ್ದವರೇ ಡ್ರೈವರ್ ಕೆಲಸಕ್ಕೆ ಸೇರಿರಬಹುದಲ್ಲ ಅಂತ ತನ್ನ ಲೆಕ್ಕವನ್ನು ತಾನೇ ಅನುಮಾನಿಸಿದರು. ಹಾಗಾಗಿ ಮುಂದೆ ದಿನವಿಡೀ ಮೇಜಿನ ಮುಂದೆ ಕೂರುವ ಸುಮಾರು 17 ಸಾವಿರ ಸರ್ಕಾರಿ ನೌಕರರನ್ನು ಹಿಡಿದರು. ಸೋಮವಾರ ಬೆಳಿಗ್ಗೆ ಹಾಳೆ ಕೊಟ್ಟು, ಕಳೆದ ಶುಕ್ರವಾರ, ಶನಿವಾರ ಐದೈದು ನಿಮಿಷಕ್ಕೆ ಏನೇನು ಮಾಡಿದಿರಿ ಬರೆಯಿರಿ ಅಂದರು. 1973ರಲ್ಲಿ ಬಂದ ಉತ್ತರ ಹೀಗಿತ್ತು. ಎಲ್ಲರ ಕೆಲಸವೂ ಕೂತು ಮಾಡುವುದೇ. ಆದರೆ ಬಿಡುವಿನಲ್ಲಿ ಜೋರಾಗಿ ಮೈ ಬಗ್ಗಿಸಿದವರಿಗೆ, ಆಟ ಆಡಿದವರು, ಈಜಿದವರು, ತೋಟ ಅಗೆದವರಿಗೆ ಹಾರ್ಟ್ ಅಟ್ಯಾಕ್ ಬಹಳ ಕಡಿಮೆ. ಅಂದರೆ ಕೆಲಸದಲ್ಲಿ ಮೆಟ್ಟಿಲು ಇಲ್ಲದವನಿಗೆ ಬೇರೆ ಕಡೆ ಮೆಟ್ಟಿಲು ಬೇಕು. 1996ರಲ್ಲಿ ಒಲಿಂಪಿಕ್ ಸಮಿತಿಯವರು ವ್ಯಾಯಾಮ ವಿಜ್ಞಾನಕ್ಕೆ ಮೊದಲ ಸಲ ಪ್ರಶಸ್ತಿ ಕೊಟ್ಟಾಗ ಅದನ್ನು ಪಡೆದ ಇಬ್ಬರಲ್ಲಿ ಇವರೊಬ್ಬರು. ಓಡಿ ಚಿನ್ನ ಗೆದ್ದವರಲ್ಲ, ಬಸ್ ಕಂಡಕ್ಟರನ್ನು ಎಣಿಸಿದವರು! 2009ರಲ್ಲಿ ತೀರಿಕೊಂಡರು, 99ನೇ ವಯಸ್ಸಿನಲ್ಲಿ.

(ಈಗ ನಮ್ಮ ಇಲಾಖೆಯಲ್ಲಿ ‘ಚಾಲಕ ಕಂ ನಿರ್ವಾಹಕ’ ಅಂತ ಒಂದು ಹುದ್ದೆ ಇದೆ. ಮಾರಿಸ್ ಇದ್ದಿದ್ದರೆ ಅವರನ್ನು ಯಾವ ಪಟ್ಟಿಗೆ ಸೇರಿಸುತ್ತಿದ್ದರೋ.)

ಇಷ್ಟು ಹೇಳಿ ನಾನು ಗಟ್ಟಿಮುಟ್ಟು ಅಂದುಕೊಳ್ಳಬೇಡಿ. ನಿವೃತ್ತನಾಗಿ ಮೂರನೇ ವರ್ಷಕ್ಕೆ ನನಗೂ ಶುಗರ್ ಬಂತು, ನಾಲ್ಕನೆಯ ವರ್ಷ ಬಿಪಿ. ಟೇಲರ್ ಈಗ ನನಗೂ 38 ಅನ್ನುತ್ತಾರೆ. ನಾನು ಯಾವತ್ತೂ ವ್ಯಾಯಾಮ ಅಂತ ಮಾಡಿದವನಲ್ಲ, ಬಸ್ಸೇ ಮಾಡಿಸುತ್ತಿತ್ತು. ಚೀಲ ಕೆಳಗಿಟ್ಟ ದಿನವೇ ಜಗಲಿಯ ಕುರ್ಚಿ ಹಿಡಿದೆ. ಬೆಳಿಗ್ಗೆ ನಿಮ್ಮ ಪೇಪರು, ಸಂಜೆ ಟಿವಿ. ಶಿಬಿರದಲ್ಲಿ ನನಗೂ ಹೇಳಿದರು, ವಾಕಿಂಗ್ ಮಾಡಿ ಅಜ್ಜಾ ಅಂತ. ಎಲ್ಲಿ ಮಾಡಲಿ? ನಮ್ಮ ಮನೆ ಎದುರು ಹೆದ್ದಾರಿ. ಅಗಲ ಆದ ಮೇಲೆ ಅದನ್ನು ದಾಟಿ ಹಾಲು ತರುವುದೇ ಒಂದು ಸಾಹಸ. ಸಮುದ್ರ ದಂಡೆ ಇದೆಯಲ್ಲ ಅನ್ನುತ್ತೀರಿ. ಕಾರವಾರದ ಟಾಗೋರ್ ಬೀಚಿನಲ್ಲಿ ಬೆಳಿಗ್ಗೆ ಜನ ನಡೆಯುವುದನ್ನು ನೋಡಿದ್ದೇನೆ, ಚೆಂದ. ನಮ್ಮಲ್ಲಿ ದಂಡೆಗೆ ಹೋಗುವ ದಾರಿ ಗದ್ದೆ ಬದು, ಮಂಡಿ ನೋವಿನವರಿಗೆ ಆ ಮೆತ್ತನೆ ಮರಳು ಆಗುವುದೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೇಳಲೇಬೇಡಿ.

ಊರಿನ ಮಧ್ಯೆ ಒಂದು ಸಪಾಟಾದ ಜಾಗ ಅಂತ ಇದ್ದರೆ ಅದು ಶಾಲೆಯ ಗ್ರೌಂಡು. ನಮ್ಮೂರಿನ ಹೆಸರು ಬರೆಯುವುದಿಲ್ಲ. ಬರೆದರೆ ಶಾಲೆ ಯಾವುದು ಅಂತ ಗೊತ್ತಾಗುತ್ತದೆ, ನಾಳೆ ಅವರ ಮುಖ ನಾನು ನೋಡಬೇಕು.

ಎರಡು ವರ್ಷದ ಹಿಂದೆ ನನ್ನ ಹೆಂಡತಿ ಮತ್ತು ಅವಳ ಸ್ವಸಹಾಯ ಸಂಘದ ಹೆಂಗಸರು ಅಲ್ಲಿ ಥ್ರೋಬಾಲ್ ಶುರು ಮಾಡಿದರು. ಕಾರಣ ಆರೋಗ್ಯ ಅಲ್ಲ. ಪಂಚಾಯ್ತಿಯ ಮಹಿಳಾ ದಿನಾಚರಣೆಗೆ ಒಂದು ಪಂದ್ಯ ಇಟ್ಟಿದ್ದರು, ಮೊದಲ ಸುತ್ತಿನಲ್ಲೇ ಸೋತರು. ಸೋತ ಸಿಟ್ಟಿಗೆ ದಿನಾ ಪ್ರಾಕ್ಟೀಸ್. ಸಂಜೆ ಐದೂವರೆಗೆ ಹತ್ತು ಹನ್ನೆರಡು ಜನ. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಲವರು ಮಗಳ ಚೂಡಿದಾರದಲ್ಲಿ, ಒಬ್ಬರು ನೈಟಿ ಮೇಲೆ ಟವೆಲ್ ಹಾಕಿಕೊಂಡು. ಕರೆಂಟು ಕಂಬಕ್ಕೂ ಬೋರ್‌ವೆಲ್ ಪೈಪಿಗೂ ಮೀನಿನ ಹಳೇ ಬಲೆ ಕಟ್ಟಿದ್ದರು. ಚೆಂಡು ಕೈಯಲ್ಲಿ ನಿಂತರೆ ತಪ್ಪು, ಕೂಡಲೇ ಎಸೆಯಬೇಕು. ಎಸೆಯುವುದಕ್ಕಿಂತ ಕೂಗುವುದೇ ಜಾಸ್ತಿ. ಮೀನು ಮಾರುವ ಒಬ್ಬರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬುಟ್ಟಿ ಹೊತ್ತು ಬಂದು, ಸಂಜೆ ಮತ್ತೆ ಆಡುತ್ತಿದ್ದರು. ‘ನಿಂಗೆ ಬುಟ್ಟಿ ಹೊತ್ತು ಸಾಕಾಗಲಿಲ್ವಾ?’ ಅಂತ ನಾನು ಕೇಳಿದೆ. ‘ಅದು ಹೊಟ್ಟೆಗೆ, ಇದು ನಂಗೆ’ ಅಂದರು. ನಾಲ್ಕು ತಿಂಗಳು ಆಡಿದರು. ನನ್ನ ಹೆಂಡತಿಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು, ನನ್ನ ಮೇಲೆ ರೇಗುವುದು ಕಡಿಮೆಯಾಗಿತ್ತು. ಇದು ನನ್ನ ಅಧ್ಯಯನ, ಒಬ್ಬಳೇ ರೋಗಿ.

ಆಮೇಲೆ ಗೇಟಿಗೆ ಬೀಗ ಬಿತ್ತು.

ಕಾರಣ ಇರಲಿಲ್ಲ ಅನ್ನುವುದಿಲ್ಲ. ರಾತ್ರಿ ಯಾರೋ ಹುಡುಗರು ಕೂತು ಕುಡಿದು ಬಾಟಲಿ ಒಡೆದು ಹೋಗಿದ್ದರು, ಮೂರನೇ ಕ್ಲಾಸಿನ ಮಗುವಿನ ಕಾಲಿಗೆ ಗಾಜು ಹೊಕ್ಕಿತು. ಮಾಸ್ತರರ ಜಾಗದಲ್ಲಿ ನಾನಿದ್ದರೂ ಬೀಗ ಹಾಕುತ್ತಿದ್ದೆ. ಆದರೆ ರಾತ್ರಿ ಕುಡಿದವರ ತಪ್ಪಿಗೆ ಸಂಜೆ ಆಡುವ ಹೆಂಗಸರು ಹೊರಗೆ. ಹುಡುಗರೇನು, ಕಾಂಪೌಂಡ್ ಹಾರಿ ಈಗಲೂ ಹೋಗುತ್ತಾರೆ. ಐವತ್ತೈದು ವರ್ಷದವಳು ಹಾರುತ್ತಾಳಾ? ಚಾವಿ ಕೇಳಿದರೆ ಮೇಲಿನಿಂದ ಪರ್ಮಿಷನ್ ಬೇಕು ಅಂದರು. ಇವರು ಅರ್ಜಿ ಕೊಟ್ಟರು. ಮೇಲೆ ಎಂದರೆ ಎಲ್ಲಿ ಅಂತ ಇವತ್ತಿಗೂ ಗೊತ್ತಾಗಿಲ್ಲ. ಮುಂದಿನ ಫೆಬ್ರುವರಿಯಲ್ಲಿ ಅದೇ ಗ್ರೌಂಡಿನಲ್ಲಿ ಮೂರು ರಾತ್ರಿ ಹೊನಲು ಬೆಳಕಿನ ಪಂದ್ಯಾವಳಿ. ಗೇಟು ತೆಗೆಯಿತು. ಶಾಮಿಯಾನಕ್ಕೆ ಗುಂಡಿ ತೋಡಿದರು, ಜನರೇಟರ್ ತಂದರು, ಲಾರಿ ಒಳಗೆ ಬಂತು. ನಾಲ್ಕನೇ ದಿನ ಪ್ಲಾಸ್ಟಿಕ್ ಲೋಟ ಹೆಕ್ಕಲು ಯಾರನ್ನು ಕರೆದರು? ಸಂಘದ ಹೆಂಗಸರನ್ನು. ಇವರು ಹೆಕ್ಕಿದರು. ಮತ್ತೆ ಬೀಗ.

ಪಂದ್ಯಾವಳಿ ಬೇಡ ಅಂತ ನಾನು ಹೇಳುತ್ತಿಲ್ಲ. ನಾನೇ ಮೂರೂ ರಾತ್ರಿ ಹೋಗಿದ್ದೆ, ಒಂದು ಗಂಟೆಯ ತನಕ ಗೋಬಿ ತಿನ್ನುತ್ತಾ ನೋಡಿದ್ದೇನೆ. ಶುಗರ್ ಇದ್ದವನು ರಾತ್ರಿ ಒಂದು ಗಂಟೆಗೆ ಗೋಬಿ ತಿನ್ನುತ್ತಾ ಬೇರೆಯವರು ಆಡುವುದನ್ನು ನೋಡುವುದು, ಇದಕ್ಕೆ ಕ್ರೀಡಾ ಪ್ರೋತ್ಸಾಹ ಅನ್ನುತ್ತೇವೆ. ಆಟವನ್ನು ಗೆಲುವಿನಿಂದಲೇ ಅಳೆಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಓಟಕ್ಕೆ ಆರಿಸಿಕೊಂಡು ಹೋದರು. ಒಲಿಂಪಿಕ್ ಪದಕದ ಆಸೆ ಇತ್ತು. 1993ಕ್ಕೆ ಯೋಜನೆಯೇ ನಿಂತಿತು. ಪದಕದ ಲೆಕ್ಕ ಹಾಕಿಕೊಂಡು ಆಟಕ್ಕೆ ಬಂದರೆ ಪದಕದ ಲೆಕ್ಕದಲ್ಲೇ ಬಾಗಿಲು ಹಾಕುತ್ತಾರೆ.

ಮಗಳು ಇನ್ನೊಂದು ಅಧ್ಯಯನದ ಕತೆ ಹೇಳಿದಳು. ಅಟ್ಲಾಂಟಿಕ್ ಸಮುದ್ರದ ಉತ್ತರಕ್ಕೆ ಫೆರೋ ಅಂತ 18 ದ್ವೀಪ ಇವೆ. ಮೀನೇ ಅವರ ಬದುಕು, ನಮ್ಮ ಕಾರವಾರದ ಬೈತಕೋಲ ಬಂದರಿನ ಹಾಗೆ, ಚಳಿ ಮಾತ್ರ ವಿಪರೀತ. ಅಲ್ಲಿ ಮಾಗ್ನಿ ಮೋರ್, ಪೀಟರ್ ಕ್ರುಸ್ಟ್ರುಪ್ ಎಂಬ ಸಂಶೋಧಕರು, ಸ್ವಲ್ಪ ಬಿಪಿ ಇದ್ದ 35ರಿಂದ 50 ವಯಸ್ಸಿನ ಸುಮಾರು 40 ಹೆಂಗಸರನ್ನು ಸೇರಿಸಿದರು. ವ್ಯಾಯಾಮದ ಅಭ್ಯಾಸವೇ ಇಲ್ಲದವರು. ಅರ್ಧ ಜನರಿಗೆ ವಾರಕ್ಕೆ ಮೂರು ಸಲ ಫುಟ್‌ಬಾಲ್, 15 ವಾರ. ಸಣ್ಣ ಜಾಗ, ಸಣ್ಣ ಟೀಮು. ಇನ್ನರ್ಧ ಜನ ಮೊದಲಿನ ಹಾಗೇ ಇದ್ದರು. ಆಡಿದವರ ಬಿಪಿ ಮೇಲಿನದು 12, ಕೆಳಗಿನದು 6 ಇಳಿಯಿತು. 2014ರಲ್ಲಿ ಪ್ರಕಟವಾಗಿದೆ. ನಲವತ್ತು ಜನರ ಲೆಕ್ಕ ದೊಡ್ಡದಲ್ಲ ಅಂತ ಮಗಳೇ ಅನ್ನುತ್ತಾಳೆ, ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ. ಆದರೆ ನನ್ನ ಹೆಂಡತಿ ತಲೆ ಎತ್ತಿ ಕೇಳಿದ್ದು ಬೇರೆ. ‘ಅಲ್ಲಿ ಅವರಿಗೆ ಗ್ರೌಂಡ್ ಯಾರು ತೆಗೆದುಕೊಟ್ರು?’

ಅದೇ ಪ್ರಶ್ನೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರು ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಮೈ ಬಿಸಿಯಾಗುವ ಹಾಗೆ ಓಡಾಡಬೇಕು ಅನ್ನುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ. ನಮ್ಮ ದೇಶದಲ್ಲಿ 2022ರ ಲೆಕ್ಕಕ್ಕೆ ಅಷ್ಟೂ ಆಗದವರು ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57 ಅಂತ 2024ರಲ್ಲಿ ವರದಿ ಬಂದಿತ್ತು. ಹೆಂಗಸರು ಸೋಮಾರಿಗಳಾ? ನಮ್ಮನೆಯಲ್ಲಂತೂ ಸೋಮಾರಿ ನಾನು.

ಜಿಲ್ಲೆಗೆ ದೊಡ್ಡಾಸ್ಪತ್ರೆ ಬೇಕು ಅಂತ ನಾವೆಲ್ಲ ಕೂಗುತ್ತಿದ್ದೇವೆ. ಬೇಕೇ ಬೇಕು. ದೇವಿಮನೆಯಲ್ಲಿ ಡ್ರೈವರನ್ನು ಟೆಂಪೊದಲ್ಲಿ ಮಲಗಿಸಿದವನು ನಾನು, ಹುಬ್ಬಳ್ಳಿ ಎಷ್ಟು ದೂರ ಅಂತ ನನಗೆ ಬೇರೆಯವರು ಹೇಳಬೇಕಾಗಿಲ್ಲ. ಅದು ಆಗುವಾಗ ಆಗಲಿ. ಗೇಟು ತೆಗೆಯಲು ಟೆಂಡರ್ ಬೇಡವಲ್ಲ.

ಮಾರಿಸ್ ಇಳಿವಯಸ್ಸಿನಲ್ಲಿ ಒಂದು ಲೆಕ್ಕ ಮಾಡಿದ್ದರಂತೆ, 2000ನೇ ಇಸವಿಯಲ್ಲಿ. ಒಬ್ಬ ಮನುಷ್ಯ ಆರೋಗ್ಯವಾಗಿ ಬದುಕಲು ಕನಿಷ್ಠ ಎಷ್ಟು ದುಡ್ಡು ಬೇಕು ಅಂತ. ಊಟ, ಮನೆ ಬಾಡಿಗೆ ಬರೆದ ಪಟ್ಟಿಯಲ್ಲೇ ವ್ಯಾಯಾಮದ ಖರ್ಚನ್ನೂ ಬರೆದರು. ಅಕ್ಕಿಯ ಪಕ್ಕದಲ್ಲಿ ಆಟ. ನಮ್ಮ ಪಂಚಾಯ್ತಿಯವರು ಅಷ್ಟೆಲ್ಲ ಮಾಡಬೇಕಾಗಿಲ್ಲ. ನಾನು ಕೇಳುವುದು ಸಣ್ಣದು.

ಚಾವಿಯ ಒಂದು ನಕಲು ಮಾಡಿಸಿ. ಗೇಟಿನ ಎದುರಿಗೇ ಕಿರಾಣಿ ಅಂಗಡಿ ಇದೆ, ರಾತ್ರಿ ಎಂಟರ ತನಕ ತೆಗೆದಿರುತ್ತದೆ, ಅಲ್ಲಿ ಇಡಿ. ಜೊತೆಗೆ ಒಂದು ಪುಸ್ತಕ. ಟಿಕೆಟ್ ಲೆಕ್ಕ ಬರೆಯುವ ನಮ್ಮ ವೇಬಿಲ್ ಇರುತ್ತಿತ್ತಲ್ಲ, ಹಾಗೆ. ಯಾರು ತೆಗೆದುಕೊಂಡರು, ಎಷ್ಟು ಹೊತ್ತಿಗೆ, ಬೀಗ ಯಾರು ಹಾಕಿದರು, ಸಹಿ. ಗಾಜು ಬಿದ್ದಿದ್ದರೆ ಆಡುವ ಮೊದಲು ಹೆಕ್ಕಿ ಬರೆಯಬೇಕು. ಜನ ಸಂಜೆ ಓಡಾಡುವ ಜಾಗದಲ್ಲಿ ರಾತ್ರಿ ಬಾಟಲಿ ಕೂಡ ಕಡಿಮೆಯಾಗುತ್ತದೆ, ಬಸ್ ಸ್ಟ್ಯಾಂಡುಗಳನ್ನು ನೋಡಿದ ಅನುಭವ. ಪುಸ್ತಕ ನಾನು ನೋಡಿಕೊಳ್ಳುತ್ತೇನೆ. 31 ವರ್ಷ ಚಿಲ್ಲರೆ ಪೈಸೆಗೂ ಲೆಕ್ಕ ಕೊಟ್ಟವನು, ಒಂದು ಚಾವಿಗೆ ಲೆಕ್ಕ ಕೊಡಲಾರೆನೇ? ಶಿಬಿರಕ್ಕೆ ಬರುವ ಡಾಕ್ಟರು, ಆಶಾ ಕಾರ್ಯಕರ್ತೆಯರಲ್ಲೂ ಒಂದು ಮಾತು. ಚೀಟಿಯಲ್ಲಿ ‘ವಾಕಿಂಗ್’ ಅಂತ ಬರೆಯುವಾಗ ಪಕ್ಕದಲ್ಲಿ ಜಾಗ ಮತ್ತು ಟೈಮನ್ನೂ ಬರೆಯಿರಿ. ‘ಶಾಲೆ ಗ್ರೌಂಡು, ಸಂಜೆ ಐದೂವರೆ’ ಅಂತ. ಮಾತ್ರೆಗೆ ಬರೆಯುತ್ತೀರಲ್ಲ, ಊಟಕ್ಕೆ ಮೊದಲು, ಊಟ ಆದ ಮೇಲೆ ಅಂತ. ಪಂದ್ಯಾವಳಿ ನಡೆಸುವ ಯುವಕರೇ, ಮೂರು ರಾತ್ರಿಯಲ್ಲಿ ಮೊದಲ ಒಂದು ಗಂಟೆ ನಲವತ್ತು ದಾಟಿದವರಿಗೆ ಬಿಡಿ. ಕಪ್ ಬೇಡ. ಗೋಬಿ ಅಂಗಡಿಗೂ ನಷ್ಟವಾಗದು.

ನಮ್ಮ ಡ್ರೈವರ್ ಈಗ ಪಕ್ಕದೂರಿನಲ್ಲಿ ಇದ್ದಾರೆ. ಎದೆಯಲ್ಲಿ ಎರಡು ಸ್ಟೆಂಟು. ದಿನಾ ಮುಕ್ಕಾಲು ಗಂಟೆ ನಡೆಯುತ್ತಾರೆ, ಅವರ ಪ್ಯಾಂಟು ಈಗ 34. ಫೋನು ಮಾಡಿ ಲಂಡನ್ನಿನ ಕತೆ ಹೇಳಿದೆ. ‘ಹಾಗಾದ್ರೆ ಹನ್ನೊಂದು ವರ್ಷ ನಿಮ್ಮ ಪಾಲಿನ ಏಣಿ ನಾನು ಹತ್ತಬೇಕಿತ್ತು’ ಅಂದರು. ಬರುವ ಭಾನುವಾರ ಬರುತ್ತೇನೆ ಅಂದಿದ್ದಾರೆ. ಸಂಜೆ ಐದೂವರೆಗೆ ಅವರು, ನಾನು, ನನ್ನ ಹೆಂಡತಿ, ಸಂಘದ ಏಳೆಂಟು ಜನ ಗೇಟಿನ ಹೊರಗೆ ನಿಂತಿರುತ್ತೇವೆ. ಚೆಂಡು ನಮ್ಮದೇ, ಬಲೆಯೂ ತರುತ್ತೇವೆ. ಚಾವಿ ಇದ್ದವರು ಆ ಹೊತ್ತಿಗೆ ಬಂದರೆ ಸಾಕು.

— ನಿವೃತ್ತ ಬಸ್ ಕಂಡಕ್ಟರ್, ಅಂಕೋಲಾ ತಾಲ್ಲೂಕು